ಏನೋ ಒಂಥರಾ

ಒಬ್ಬರು: ಕೆಲವರ ವಿಷಯದಲ್ಲಿ ನಮ್ಮ ಜನರ ತೀರ್ಪು ಸಿದ್ಧವಾಗಿಯೇ ಇರುತ್ತದೆ: ಆ ಮನುಷ್ಯನದು ಕಲ್ಲೆದೆ. ಸಾವಿನ ಮನೆಗೆ ಹೋದರೂ ಅದೇ ಮುಖ, ಮದುವೆ ಮನೆಗೆ ಹೋದರೂ ಅದೇ ಮುಖ. ಹೇಗನ್ನಿಸಿತು ಎಂದು ಕೇಳಿದರೆ ‘ಏನೋ ಒಂಥರಾ’ ಎಂದು ಮಾತು ಮುಗಿಸಿಬಿಡುತ್ತಾರೆ. ಇದಕ್ಕೂ ಅಲೆಕ್ಸಿಥೈಮಿಯಾ ಎಂದು ನಾಲಗೆ ಹೊರಳದ ಹೆಸರಿಟ್ಟು, ಪ್ರಶ್ನಾವಳಿ ಮಾಡಿ, ಅಂಕ ಕೊಡುತ್ತಾರಂತೆ. ಭಾವನೆಯೇ ಕಡಿಮೆ ಇದ್ದವರಿಗೆ ಅದನ್ನು ಗುರುತಿಸುವ ಕೆಲಸವೂ ಕಡಿಮೆ, ಅಷ್ಟೇ ತಾನೇ? ಅಳೆಯುವುದಕ್ಕೆ ಇಲ್ಲಿ ಏನಿದೆ?

ಇನ್ನೊಬ್ಬರು: ‘ಏನೋ ಒಂಥರಾ’ ಎನ್ನುವವರು ‘ಏನೂ ಇಲ್ಲ’ ಎನ್ನುತ್ತಿಲ್ಲವಲ್ಲ ಸ್ವಾಮಿ. ಒಳಗೆ ಏನೋ ಆಗಿದೆ. ಅದು ದುಃಖವೋ ಸಿಟ್ಟೋ ಹೆದರಿಕೆಯೋ ಎಂದು ಅವರಿಗೇ ಬಿಡಿಸಿ ನೋಡಲಾಗುತ್ತಿಲ್ಲ. ಈ ಹೆಸರನ್ನು 1970ರ ದಶಕದ ಆರಂಭದಲ್ಲಿ ಕೊಟ್ಟವರು ಬಾಸ್ಟನ್ನಿನಲ್ಲಿದ್ದ ಗ್ರೀಕ್ ಮೂಲದ ಮನೋವೈದ್ಯ ಪೀಟರ್ ಸಿಫ್ನಿಯೋಸ್. ಮನಸ್ಸಿನ ಒತ್ತಡದಿಂದ ಉಲ್ಬಣಿಸುವ ದೇಹದ ಕಾಯಿಲೆಗಳವರನ್ನು ಅವರು ನೋಡುತ್ತಿದ್ದರು. ಅಂಥವರಲ್ಲಿ ಹಲವರು ನಡೆದ ಸಂಗತಿಯನ್ನು ಒಂದೂ ಬಿಡದೆ ವರದಿ ಒಪ್ಪಿಸುತ್ತಿದ್ದರು, ಆದರೆ ಆಗ ಏನನ್ನಿಸಿತು ಎಂದರೆ ಮತ್ತೆ ನಡೆದದ್ದನ್ನೇ ಹೇಳುವುದು, ಇಲ್ಲವೇ ಮೈನೋವಿನ ಮಾತಿಗೆ ಹೊರಳುವುದು. ಅದಕ್ಕೂ ಮೊದಲೇ, 1963ರಲ್ಲಿ, ಫ್ರಾನ್ಸಿನ ಪಿಯೆರ್ ಮಾರ್ತಿ ಮತ್ತು ಮಿಷೆಲ್ ದ ಮ್ಯುಜಾನ್ ಇಂಥದೇ ರೋಗಿಗಳಲ್ಲಿ, ಕಲ್ಪನೆಯ ನೆರಳೂ ಬೀಳದ, ಬರೀ ಕೆಲಸಕಾರ್ಯಕ್ಕೆ ಅಂಟಿಕೊಂಡ ಯೋಚನೆಯ ಬಗೆಯೊಂದನ್ನು ಗುರುತಿಸಿದ್ದರು. ಸಿಫ್ನಿಯೋಸ್ ತಮ್ಮ ಮಾತೃಭಾಷೆಯಿಂದ ಮೂರು ತುಂಡು ಜೋಡಿಸಿದರು. ‘ಅ’ ಎಂದರೆ ಇಲ್ಲ, ನಮ್ಮ ‘ಅಶಾಂತಿ’ಯಲ್ಲಿ ಇರುವ ಅದೇ ಅ. ‘ಲೆಕ್ಸಿಸ್’ ಎಂದರೆ ಮಾತು. ‘ಥೈಮೋಸ್’ ಎಂದರೆ ಭಾವ, ಚಿತ್ತ. ಈ ಥೈಮೋಸ್ ನಮ್ಮ ಸಂಸ್ಕೃತದ ‘ಧೂಮ’ಕ್ಕೆ ದಾಯಾದಿ ಪದ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನನಗೆ ಆ ನೆಂಟಸ್ತಿಕೆ ಇಷ್ಟ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಊಹಿಸುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಇವರಿಗೆ ಹೊಗೆ ಧಾರಾಳವಾಗಿ ಕಾಣುತ್ತದೆ, ಕೆಮ್ಮೂ ಬರುತ್ತದೆ. ಉರಿಯುತ್ತಿರುವುದು ಏನು ಎಂಬುದು ತಿಳಿಯುವುದಿಲ್ಲ.

ಒಬ್ಬರು: ಉಪಮೆ ಚೆನ್ನಾಗಿದೆ. ಆದರೆ ಉಪಮೆಯನ್ನು ನಂಬಿ ಎಷ್ಟು ದೂರ ಹೋಗಬಹುದು? ನನಗಿನ್ನೂ ಇದು ಮಾತು ಕಡಿಮೆ ಇರುವ ಸ್ವಭಾವದ ಇನ್ನೊಂದು ಹೆಸರು ಎಂದೇ ತೋರುತ್ತದೆ. ಅಂತರ್ಮುಖಿ ಎಂದರೆ ಮುಗಿಯಿತಲ್ಲ.

ಇನ್ನೊಬ್ಬರು: ಮುಗಿಯುವುದಿಲ್ಲ, ಯಾಕೆಂದರೆ ಇದು ಮೂರು ಎಳೆಗಳ ಹುರಿ, ಅಂತರ್ಮುಖತೆ ಅದರಲ್ಲಿ ಒಂದೇ ಎಳೆಯ ಹತ್ತಿರ ಬರುತ್ತದೆ. ಈ ಗುಣವನ್ನು ಅಳೆಯಲು ಹೆಚ್ಚಾಗಿ ಬಳಸುವ ಟೊರಾಂಟೊ ಮಾಪಕವನ್ನು ಕೆನಡಾದ ಗ್ರೇಮ್ ಟೇಲರ್, ಮೈಕೆಲ್ ಬ್ಯಾಗ್ಬಿ ಮತ್ತು ಜೇಮ್ಸ್ ಪಾರ್ಕರ್ 1994ರಲ್ಲಿ ಈಗಿನ ರೂಪಕ್ಕೆ ತಂದರು. ಅದರಲ್ಲಿ 20 ಹೇಳಿಕೆಗಳು, ಒಂದೊಂದಕ್ಕೂ 1ರಿಂದ 5 ಅಂಕ. ಏಳು ಹೇಳಿಕೆಗಳು ಭಾವನೆಯನ್ನು ಗುರುತಿಸುವ ಕಷ್ಟವನ್ನು ಕುರಿತವು: ನನಗೆ ಏನಾಗುತ್ತಿದೆ ಎಂದು ನನಗೇ ತಿಳಿಯದು ಎಂಬ ಬಗೆಯವು. ಐದು, ಗೊತ್ತಾದದ್ದನ್ನು ಇನ್ನೊಬ್ಬರಿಗೆ ಹೇಳುವ ಕಷ್ಟವನ್ನು ಕುರಿತವು. ಉಳಿದ ಎಂಟು, ಯೋಚನೆ ಸದಾ ಹೊರಗಿನ ಸಂಗತಿಗಳಲ್ಲೇ ಸುತ್ತುವುದನ್ನು, ಒಳಗೆ ಇಣುಕುವ ಗೋಜಿಗೇ ಹೋಗದಿರುವುದನ್ನು ಕುರಿತವು. ಈಗ ವ್ಯಕ್ತಿತ್ವವನ್ನು ಅಳೆಯುವವರ ಕಡೆ ಬನ್ನಿ. ಅವರು ಮನುಷ್ಯನ ಸ್ವಭಾವವನ್ನು ಐದು ಹರಹುಗಳಲ್ಲಿ ಹಿಡಿಯುತ್ತಾರೆ: ಬೇಗ ಕಳವಳಗೊಳ್ಳುವ ಉದ್ವೇಗಪ್ರವೃತ್ತಿ, ಬಹಿರ್ಮುಖತೆ, ಹೊಸ ಅನುಭವಕ್ಕೆ ಮನಸ್ಸು ತೆರೆದಿರುವ ಮುಕ್ತತೆ, ಇತರರೊಡನೆ ಹೊಂದಿಕೊಳ್ಳುವ ಗುಣ, ಮತ್ತು ಅಚ್ಚುಕಟ್ಟುತನ. ಬೆಲ್ಜಿಯಂನ ಒಲಿವಿಯೆ ಲುಮಿನೆ ಮತ್ತು ಟೊರಾಂಟೊ ಗುಂಪಿನವರು ಕೂಡಿ 1999ರಲ್ಲಿ ಎರಡೂ ಮಾಪಕಗಳನ್ನು ಮುಖಾಮುಖಿ ಇಟ್ಟು ನೋಡಿದರು. ಒಟ್ಟು ಅಂಕ ಹೆಚ್ಚಿದವರಲ್ಲಿ ಉದ್ವೇಗಪ್ರವೃತ್ತಿ ಹೆಚ್ಚು, ಬಹಿರ್ಮುಖತೆ ಕಡಿಮೆ, ಮುಕ್ತತೆ ಕಡಿಮೆ. ಇಷ್ಟು ಹೇಳಿದರೆ ಒಂದೇ ಬಗೆಯ ಮನುಷ್ಯನ ಚಿತ್ರ ಕಣ್ಣ ಮುಂದೆ ಬರುತ್ತದೆ. ಬಿಡಿಸಿ ನೋಡಿದಾಗ ಆ ಚಿತ್ರ ಒಡೆಯುತ್ತದೆ. ಗುರುತಿಸುವ ಕಷ್ಟಕ್ಕೆ ಮುಖ್ಯ ನಂಟು ಉದ್ವೇಗಪ್ರವೃತ್ತಿಯೊಡನೆ. ಹೇಳುವ ಕಷ್ಟಕ್ಕೆ ನಂಟು ಕಡಿಮೆ ಬಹಿರ್ಮುಖತೆಯೊಡನೆ. ಹೊರಗೇ ನೆಟ್ಟ ಯೋಚನೆಗೆ ನಂಟು ಕಡಿಮೆ ಮುಕ್ತತೆಯೊಡನೆ. ನಿಮ್ಮ ಮಿತಭಾಷಿ ಇದ್ದಾರಲ್ಲ, ಅವರು ನಡುವಿನ ಎಳೆಯವರು. ಒಳಗೆ ಎಲ್ಲ ನಿಚ್ಚಳವಾಗಿದ್ದು, ಬಾಯಿಬಿಟ್ಟು ಹೇಳಲು ಮಾತ್ರ ಹಿಂಜರಿಯುವವರೂ ಆಗಿರಬಹುದು.

ಒಬ್ಬರು: ನಿಲ್ಲಿ. ಇಲ್ಲೊಂದು ತೊಡಕಿದೆ. ಗುರುತಿಸಲಾರದವರಲ್ಲಿ ಉದ್ವೇಗ ಹೆಚ್ಚು ಎಂದಿರಿ. ತಲೆಕೆಳಗಾಗಿ ಇರಬೇಕಿತ್ತಲ್ಲವೇ? ಭಾವನೆ ಕಾಣಿಸದವನು ನಿಶ್ಚಿಂತೆಯಿಂದ ನಿದ್ದೆ ಮಾಡಬೇಕು.

ಇನ್ನೊಬ್ಬರು: ಈ ವಿಷಯದ ತಿರುಳು ಇದೇ, ಕಲ್ಲೆದೆಯ ಕಲ್ಪನೆ ಕುಸಿಯುವುದೂ ಇಲ್ಲೇ. ಕಳವಳಕ್ಕೆ ಹೆಸರು ಬೇಕಿಲ್ಲ. ಎದೆ ಡವಡವ ಎನ್ನುವುದಕ್ಕೆ, ಹೊಟ್ಟೆ ತೊಳಸುವುದಕ್ಕೆ, ನಿದ್ದೆ ಹಾರಿಹೋಗುವುದಕ್ಕೆ ನಾವು ಅದನ್ನು ಭಯ ಎಂದು ಕರೆಯಬೇಕೆಂಬ ನಿಯಮವಿಲ್ಲ. ನಮ್ಮ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಪಟ್ಟಿ ಮಾಡಿದೆ: ಮೈ ಮರಗಟ್ಟುವುದು, ಬೆವರು, ರೋಮಾಂಚ, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಇದರಲ್ಲಿ ಒಂದೂ ಒಂದೇ ಭಾವಕ್ಕೆ ಕಟ್ಟುಬಿದ್ದಿಲ್ಲ. ಬೆವರು ಸಿಟ್ಟಿಗೂ ಬರುತ್ತದೆ, ಹೆದರಿಕೆಗೂ, ನಾಚಿಕೆಗೂ. ಕಣ್ಣೀರು ಸಂತೋಷಕ್ಕೂ ಬರುತ್ತದೆ. ನಟನ ಮೈ ಬೆವರಿದಾಗ ಅದು ಯಾವ ಭಾವ ಎಂದು ಪ್ರೇಕ್ಷಕನಿಗೆ ತಿಳಿಯುವುದು ಸನ್ನಿವೇಶದಿಂದ. ನಮ್ಮ ಮೈ ನಮಗೆ ಕೊಡುವ ಸುದ್ದಿಯೂ ಹಾಗೆಯೇ ಅರೆಬರೆ. ಅದನ್ನು ಸನ್ನಿವೇಶದ ಜೊತೆ ಕೂಡಿಸಿ ಓದಿಕೊಳ್ಳಬೇಕು, ಆಗಲೇ ‘ಇದು ಅಸೂಯೆ’, ‘ಇದು ಅವಮಾನ’ ಎಂದು ತಿಳಿಯುವುದು. ಈ ಓದು ಕೈಕೊಟ್ಟರೆ ಸುದ್ದಿ ಬರುವುದು ನಿಲ್ಲುವುದಿಲ್ಲ. ಉತ್ತರ ಕಾಣದ ತಂತಿಗಳ ಹಾಗೆ ಬಂದು ಬಂದು ಬೀಳುತ್ತದೆ. ಸಿಟ್ಟು ಎಂದು ಗೊತ್ತಾದವನು ಜಗಳವಾಡಬಹುದು, ಕ್ಷಮಿಸಬಹುದು, ದೂರ ಸರಿಯಬಹುದು. ಹೆದರಿಕೆ ಎಂದು ಗೊತ್ತಾದವನು ಜೊತೆ ಹುಡುಕಬಹುದು. ‘ಏನೋ ಒಂಥರಾ’ಕ್ಕೆ ಮದ್ದು ಯಾವುದು? ಹಾಗಾಗಿ ಗುರುತಿಸಲಾಗದ ಭಾವ ತಣಿಯದೆ ಉಳಿದು ಸ್ವಭಾವದಲ್ಲೇ ಕಳವಳವಾಗಿ ಕೂರುತ್ತದೆ ಎಂದು ಒಂದು ವಾದ. ಕಳವಳವೇ ಅತಿಯಾದ ಮನಸ್ಸಿನಲ್ಲಿ ಒಂದು ಭಾವಕ್ಕೂ ಇನ್ನೊಂದಕ್ಕೂ ಗಡಿ ಅಳಿಸಿಹೋಗುತ್ತದೆ ಎಂದು ಇನ್ನೊಂದು. ಎರಡೂ ದಿಕ್ಕಿನಲ್ಲಿ ದಾರಿ ಇದೆ ಎಂದೇ ನನ್ನ ಅನಿಸಿಕೆ. ನಂಟು ಇದೆ ಎಂಬುದಂತೂ ಮತ್ತೆ ಮತ್ತೆ ಕಂಡಿದೆ. ಇನ್ನೊಂದು ಸೂಕ್ಷ್ಮ ನೋಡಿ. ಬಹಿರ್ಮುಖತೆ ಕಡಿಮೆ ಎಂದೆನಲ್ಲ, ಅದರ ಒಳಗುಣಗಳನ್ನು ಬಿಡಿಸಿದಾಗ ಎದ್ದು ಕಂಡದ್ದು ಹಿಗ್ಗು, ಉಲ್ಲಾಸಗಳ ಕೊರತೆ, ತನ್ನ ಮಾತನ್ನು ಗಟ್ಟಿಯಾಗಿ ಮುಂದಿಡುವ ಗುಣದ ಕೊರತೆ. ಎಂದರೆ ಇವರ ಪಾಲಿಗೆ ಬಂದದ್ದು ಸಮತಟ್ಟಾದ ಬಯಲಲ್ಲ. ಕಷ್ಟದ ಭಾವಗಳು ಹೆಚ್ಚು, ಸುಖದವು ಕಡಿಮೆ.

ಒಬ್ಬರು: ಹಾಗಾದರೆ ನಾನು ಬೇರೆ ಆಕ್ಷೇಪ ಎತ್ತುತ್ತೇನೆ. ಆ ಮಾಪಕ ಅಳೆಯುತ್ತಿರುವುದು ಬರೀ ಸಂಕಟವನ್ನೇ ಯಾಕಾಗಿರಬಾರದು? ಖಿನ್ನತೆಯಲ್ಲಿ ಇರುವವರಿಗೆ ‘ನನಗೇನಾಗುತ್ತಿದೆಯೋ ತಿಳಿಯದು’ ಎಂಬ ಹೇಳಿಕೆ ಕೊಟ್ಟರೆ ಹೌದು ಎನ್ನದೆ ಇನ್ನೇನು ಮಾಡುತ್ತಾರೆ? ಅದಕ್ಕಿಂತ ಮೂಲದ ಪ್ರಶ್ನೆ: ತನ್ನೊಳಗನ್ನು ನೋಡಲಾರದವನನ್ನೇ ಕರೆದು, ನಿನಗೆ ಒಳಗು ಎಷ್ಟು ಕಾಣುತ್ತದೆ ಹೇಳು ಎಂದು ಕೇಳುವುದು ಎಂಥ ಪರೀಕ್ಷೆ?

ಇನ್ನೊಬ್ಬರು: ಎರಡೂ ಗಟ್ಟಿ ಆಕ್ಷೇಪಗಳು, ಎರಡನ್ನೂ ಸಂಶೋಧಕರೇ ಎತ್ತಿದ್ದಾರೆ. 2009ರಲ್ಲಿ ಜರ್ಮನಿಯ ಡೇನಿಯಲ್ ಲೈಸಿಂಗ್ ಮತ್ತು ಸಂಗಡಿಗರು ಟೊರಾಂಟೊ ಮಾಪಕ ಬಹುಮಟ್ಟಿಗೆ ಮಾನಸಿಕ ಸಂಕಟವನ್ನೇ ಅಳೆಯುತ್ತಿದೆ ಎಂದು ನೇರವಾಗಿ ವಾದಿಸಿದರು. ಗುರುತಿಸುವ ಕಷ್ಟದ ಎಳೆಯ ಮಟ್ಟಿಗೆ ನಾನು ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಪೂರ್ತಿ ಒಪ್ಪದಿರಲು ಕಾರಣ ಇದೆ. ಲುಮಿನೆ, ಬ್ಯಾಗ್ಬಿ, ಟೇಲರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯ ರೋಗಿಗಳನ್ನು ಚಿಕಿತ್ಸೆಗೆ ಮೊದಲೂ ಆಮೇಲೂ ಅಳೆದರು. ಖಿನ್ನತೆ ಇಳಿದ ಹಾಗೆ ಈ ಅಂಕವೂ ಇಳಿಯಿತು, ಅದು ನಿಮ್ಮ ಪರ. ಆದರೆ ಅವರೊಳಗಿನ ಹೋಲಿಕೆಯ ಸ್ಥಾನ ಬಹುಮಟ್ಟಿಗೆ ಉಳಿದುಕೊಂಡಿತು. ಸುಲಭದ ಪ್ರಶ್ನೆಪತ್ರಿಕೆ ಬಂದಾಗ ತರಗತಿಯಲ್ಲಿ ಎಲ್ಲರ ಅಂಕವೂ ಏರುತ್ತದೆ, ರ್‍ಯಾಂಕಿನ ಸಾಲು ಮಾತ್ರ ಹೆಚ್ಚು ಕದಲುವುದಿಲ್ಲ. ಇಲ್ಲಿ ಆದದ್ದೂ ಅದೇ. ಬರೀ ಸಂಕಟವಾಗಿದ್ದರೆ ಸಂಕಟ ಹೋದಾಗ ಸಾಲೂ ಕಲಸಿಹೋಗಬೇಕಿತ್ತು. ಜೊತೆಗೆ, ಹೊರಗೇ ನೆಟ್ಟ ಯೋಚನೆ ಎಂಬ ಮೂರನೆಯ ಎಳೆಗೂ ಸಂಕಟಕ್ಕೂ ಅಂಥ ಬಳಕೆಯಿಲ್ಲ. ಒಳಗೆ ಇಣುಕಿಯೂ ನೋಡದೆ ಸುಖವಾಗಿ ಇರುವವರು ಉಂಟು. ಇನ್ನು ಕುರುಡನನ್ನೇ ಕಣ್ಣಿನ ಬಗ್ಗೆ ಕೇಳುವ ಪ್ರಶ್ನೆ. ದೃಷ್ಟಿ ಮಂದವಾದವನಿಗೆ ಬಸ್ಸಿನ ಬೋರ್ಡು ಓದಲಾಗುತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಹುಟ್ಟಿನಿಂದ ಮಸುಕು ನೋಡಿದವನಿಗೆ ಅದೂ ಗೊತ್ತಿರಲಾರದು. ಆದ್ದರಿಂದ ಪ್ರಶ್ನಾವಳಿ ಒಂದನ್ನೇ ನೆಚ್ಚುವಂತಿಲ್ಲ. ಇದಕ್ಕೇ ಟೊರಾಂಟೊದವರು 2006ರಲ್ಲಿ 24 ಪ್ರಶ್ನೆಗಳ ಸಂದರ್ಶನ ರೂಪಿಸಿದರು, ಅಂಕ ಕೊಡುವವನು ಎದುರು ಕೂತವನು. ಅಮೆರಿಕದ ರಿಚರ್ಡ್ ಲೇನ್ ಹಾದಿಯೇ ಬೇರೆ: ಒಂದು ಸನ್ನಿವೇಶ ಕೊಟ್ಟು ‘ನಿಮಗೆ ಹೇಗನ್ನಿಸುತ್ತದೆ, ಎದುರಿನವರಿಗೆ ಹೇಗನ್ನಿಸುತ್ತದೆ’ ಎಂದು ಬರೆಸುತ್ತಾರೆ. ‘ತಲೆ ನೋಯುತ್ತದೆ’ ಎಂದು ಬರೆದವರಿಗೆ ಕೆಳಗಿನ ಮಟ್ಟ, ‘ಬೇಸರವೂ ಆಗುತ್ತದೆ, ಆದರೆ ಅವನಿಗಾಗಿ ಸಂತೋಷವೂ ಆಗುತ್ತದೆ’ ಎಂದು ಬರೆದವರಿಗೆ ಮೇಲಿನದು. ಆ ಬರಹದ ಫಲಿತಕ್ಕೂ ಟೊರಾಂಟೊ ಅಂಕಕ್ಕೂ ಹೊಂದಾಣಿಕೆ ತೆಳು. ನನ್ನ ವಾದಕ್ಕೆ ಇದು ಹಿನ್ನಡೆ, ಮುಚ್ಚಿಡುವುದಿಲ್ಲ. ಭಾವ ಕಾಣದವರೆಂದು ತಮ್ಮನ್ನು ತಾವು ತಿಳಿದವರೂ, ನಿಜಕ್ಕೂ ಕಾಣದವರೂ ಒಂದೇ ಗುಂಪಲ್ಲ ಎಂದಷ್ಟು ಮಾತ್ರ ಹೇಳಬಲ್ಲೆ. ಉದ್ವೇಗಪ್ರವೃತ್ತಿಯವರು ತಮ್ಮ ಕೊರತೆಗಳನ್ನು ಹಿಗ್ಗಿಸಿ ನೋಡುವವರು, ಹಾಗಾಗಿ ಮೊದಲ ಗುಂಪಿನಲ್ಲಿ ಅವರ ತೂಕ ಹೆಚ್ಚಿರಬೇಕು.

ಒಬ್ಬರು: ಒಪ್ಪಿದೆ. ಆದರೆ ಬಾಸ್ಟನ್, ಟೊರಾಂಟೊ, ಬೆಲ್ಜಿಯಂ. ಇವೆಲ್ಲ ಭಾವನೆಯನ್ನು ಬಿಚ್ಚಿ ಹೇಳುವುದೇ ಆರೋಗ್ಯ ಎಂದು ನಂಬಿದ ಊರುಗಳು. ನಮ್ಮಲ್ಲಿ ಸಂಕಟ ಎಂದರೆ ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ಹೊಟ್ಟೆಕಿಚ್ಚು, ಕರುಳು ಚುರ್ ಎನ್ನುವುದು, ಎದೆ ಝಲ್ಲೆನ್ನುವುದು, ತಲೆಬಿಸಿ: ನಮ್ಮ ಭಾವಕೋಶವೆಲ್ಲ ಮೈಯಲ್ಲೇ ಇದೆ. ‘ಬೇಜಾರು’ ಎಂಬ ಒಂದು ಮಾತಿನಲ್ಲಿ ದುಃಖ, ದಣಿವು, ಮುನಿಸು, ಹೊತ್ತು ಹೋಗದಿರುವುದು ಎಲ್ಲವನ್ನೂ ತುಂಬಿಬಿಡುತ್ತೇವೆ. ಆ ಮಾಪಕ ಹಿಡಿದರೆ ಕನ್ನಡ ನಾಡಿಗೆ ನಾಡೇ ಅಲೆಕ್ಸಿಥೈಮಿಯಾ ಆಗುವುದಿಲ್ಲವೇ?

ಇನ್ನೊಬ್ಬರು: ‘ಬೇಜಾರು’ ಒಂದೇ ಇದ್ದಿದ್ದರೆ ನಿಮ್ಮ ಮಾತು ನಿಲ್ಲುತ್ತಿತ್ತು. ಮುಜುಗರ, ಕಸಿವಿಸಿ, ತಳಮಳ, ಅಳುಕು, ದಿಗಿಲು, ಹಳಹಳಿ, ಮುನಿಸು ಇವನ್ನೆಲ್ಲ ಇಟ್ಟುಕೊಂಡ ಭಾಷೆಯನ್ನು ಬಡವಿ ಎನ್ನಲಾಗದು. ಇನ್ನು ಮೈಯ ಮಾತು. ಕರುಳು ಚುರ್ ಎಂದಿತು ಎನ್ನುವವರು ಅದನ್ನು ತೋರಿಸಲು ಡಾಕ್ಟರ ಬಳಿ ಹೋಗುವುದಿಲ್ಲ, ಅದು ಮರುಕ ಎಂದು ಅವರಿಗೆ ಚೆನ್ನಾಗಿ ಗೊತ್ತು. ಮೈಯ ಮೂಲಕ ಭಾವವನ್ನು ಹೇಳುವುದು ಬೇರೆ, ಮೈಯಲ್ಲಿ ಆದದ್ದು ಭಾವ ಎಂದೇ ತಿಳಿಯದಿರುವುದು ಬೇರೆ. ಇದಕ್ಕೆ ಬೆಂಗಳೂರೂ ಪಾಲುಗೊಂಡ ಒಂದು ಸಾಕ್ಷ್ಯ ಇದೆ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ಸಾಮಾನ್ಯ ವೈದ್ಯರ ಬಳಿ ಬರುವವರನ್ನು ಅಧ್ಯಯನ ಮಾಡಿತು. ಬೆಂಗಳೂರು ಆ ಕೇಂದ್ರಗಳಲ್ಲಿ ಒಂದು. ಅವರಲ್ಲಿ ಖಿನ್ನತೆ ಇದ್ದ 1,146 ಜನರ ವಿವರ 1999ರಲ್ಲಿ ಪ್ರಕಟವಾಯಿತು. ವೈದ್ಯರ ಮುಂದೆ ಬರೀ ಮೈಯ ದೂರನ್ನೇ ಇಟ್ಟವರು ಒಟ್ಟಾರೆ ಶೇ. 69, ಕೇಂದ್ರದಿಂದ ಕೇಂದ್ರಕ್ಕೆ ಇದು ಶೇ. 45ರಿಂದ 95ರವರೆಗೆ ಹೊಯ್ದಾಡಿತು. ನೀವು ಹೇಳಿದ ಊರು-ಊರಿನ ವ್ಯತ್ಯಾಸ ಇದೇ. ಆದರೆ ನೇರವಾಗಿ ಕೇಳಿದಾಗಲೂ ಮನಸ್ಸಿನ ಲಕ್ಷಣ ಒಂದೂ ಇಲ್ಲ ಎಂದವರು ಶೇ. 11 ಮಾತ್ರ, ಆ ಪ್ರಮಾಣ ಊರಿಂದೂರಿಗೆ ಅಷ್ಟೇನೂ ಬದಲಾಗಲಿಲ್ಲ. ಕೇಳಿದರೆ ಹೇಳುವವರು, ಕೇಳದಿದ್ದರೆ ಮಂಡಿನೋವು ಎನ್ನುವವರು, ಭಾವ ಕಾಣದವರಲ್ಲ. ಡಾಕ್ಟರ ಮುಂದೆ ಯಾವುದನ್ನು ಹೇಳಬೇಕು ಎಂಬ ರೂಢಿ ಬಲ್ಲವರು. ಕೆನಡಾದಲ್ಲಿ ಜೆಸ್ಸಿಕಾ ಡೇರ್ ಮತ್ತು ಸಂಗಡಿಗರು 2012ರಲ್ಲಿ ಚೀನೀ ಮೂಲದ ಮತ್ತು ಯುರೋಪು ಮೂಲದ ವಿದ್ಯಾರ್ಥಿಗಳನ್ನು ಹೋಲಿಸಿದಾಗ, ಹೊರಗೇ ನೆಟ್ಟ ಯೋಚನೆಯಲ್ಲಿ ಕಂಡ ಅಂತರಕ್ಕೆ ಅವರು ಪಾಲಿಸುವ ಮೌಲ್ಯಗಳೇ ವಿವರಣೆಯಾದವು. ಆದ್ದರಿಂದ ನಿಮ್ಮ ಆಕ್ಷೇಪವನ್ನು ಮೂರನೆಯ ಎಳೆಗೆ ಪೂರ್ತಿ ಬಿಟ್ಟುಕೊಡುತ್ತೇನೆ: ಒಳಗನ್ನು ಕೆದಕಬಾರದು ಎಂದು ಕಲಿಸುವ ಮನೆಯಲ್ಲಿ ಬೆಳೆದವರಿಗೆ ಆ ಎಂಟು ಹೇಳಿಕೆಗಳು ಅನ್ಯಾಯ ಮಾಡುತ್ತವೆ. ಮೊದಲ ಎಳೆಗೆ ಬಿಟ್ಟುಕೊಡುವುದಿಲ್ಲ.

ಒಬ್ಬರು: ಗಂಡಸರ ಮಾತೇನು? ಕಲ್ಲೆದೆ ಎಂಬ ಬಿರುದು ಹೆಚ್ಚಾಗಿ ಸಲ್ಲುವುದು ಅವರಿಗೇ.

ಇನ್ನೊಬ್ಬರು: ಫಿನ್ಲೆಂಡಿನಲ್ಲಿ 1,285 ಜನಸಾಮಾನ್ಯರನ್ನು ಅಳೆದ ವರದಿಯೂ 1999ರದೇ. ಒಟ್ಟು ಶೇ. 13 ಮಂದಿ ಅಲೆಕ್ಸಿಥೈಮಿಯಾದ ಗಡಿ ದಾಟಿದ್ದರು; ಗಂಡಸರು ಶೇ. 17, ಹೆಂಗಸರು ಶೇ. 10. ಇಷ್ಟಕ್ಕೇ ನಿಲ್ಲಿಸಿದರೆ ಬಿರುದು ಸರಿ ಎನ್ನಿಸುತ್ತದೆ. ಎಳೆ ಬಿಡಿಸಿದಾಗ, ಹೇಳುವ ಕಷ್ಟದಲ್ಲಿ, ಹೊರಗೇ ನೆಟ್ಟ ಯೋಚನೆಯಲ್ಲಿ ಗಂಡಸರು ಮುಂದು. ಗುರುತಿಸುವ ಕಷ್ಟದಲ್ಲಿ ಗಂಡು ಹೆಣ್ಣೆಂಬ ಭೇದವೇ ಕಾಣಲಿಲ್ಲ. ಅಳಬೇಡ, ಗಂಡಸಲ್ಲವೇ ಎಂದು ಬೆಳೆಸಿದ್ದು ಬಾಯಿಗೆ ಬೀಗ ಹಾಕಿರಬಹುದು, ಒಳಗಣ್ಣಿಗೆ ಹಾಕಿದ ಗುರುತಿಲ್ಲ.

ಒಬ್ಬರು: ಕೊನೆಗೆ ಇದು ಹುಟ್ಟುಗುಣವೋ, ಬೆಳೆದು ಬಂದದ್ದೋ? ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯ ಗುಂಪಿಗೆ ಸೇರುತ್ತದೆಯೇ?

ಇನ್ನೊಬ್ಬರು: ಡೆನ್ಮಾರ್ಕಿನ 8,785 ಅವಳಿಜವಳಿ ಜೋಡಿಗಳ ಅಧ್ಯಯನ 2007ರಲ್ಲಿ ಬಂತು. ಜನರ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು ಸುಮಾರು ಮೂರನೇ ಒಂದು. ಒಂದೇ ಮನೆಯಲ್ಲಿ ಬೆಳೆದದ್ದರ ಪಾಲು ಶೇ. 12ರಿಂದ 20. ಉಳಿದ ಅರ್ಧಕ್ಕಿಂತ ಹೆಚ್ಚು, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಒದಗಿದ ಅನುಭವದ್ದು. ಉದ್ವೇಗಪ್ರವೃತ್ತಿ, ಮುಕ್ತತೆ ಮೊದಲಾದ ಗುಣಗಳಲ್ಲಿ ವಂಶವಾಹಿಯ ಪಾಲು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಕಾಣುತ್ತದೆ. ಗಾದೆ ಇಲ್ಲಿ ಅಷ್ಟಾಗಿ ಸಲ್ಲದು. ನನಗೆ ಮುಖ್ಯವೆನಿಸುವುದು ಬೇರೆ. ಟೊರಾಂಟೊ ಮಾಪಕದಲ್ಲಿ 61 ಅಥವಾ ಮೇಲೆ ಬಂದರೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ಗುರುತಿಸುವ ಕಷ್ಟದಲ್ಲಿ 30, ಹೇಳುವ ಕಷ್ಟದಲ್ಲಿ 19, ಹೊರಯೋಚನೆಯಲ್ಲಿ 12. ಮತ್ತೊಬ್ಬರಿಗೆ 14, 15, 32. ಇಬ್ಬರದನ್ನೂ ಬೇರೆ ಬೇರೆಯಾಗಿ ಕೂಡಿದರೆ ಬರುವುದು ಅದೇ 61. ಮೊದಲನೆಯವರು ದಿನವಿಡೀ ಒಳಗೇ ನೋಡಿಕೊಂಡು, ಏನೂ ನಿಚ್ಚಳವಾಗದೆ ಬೇಯುತ್ತಿರುವವರು. ಎರಡನೆಯವರು ಅತ್ತ ನೋಡುವ ಅಗತ್ಯವೇ ತೋರದೆ ಗದ್ದೆಯನ್ನೋ ಅಂಗಡಿಯನ್ನೋ ನಡೆಸಿಕೊಂಡು ಹೋಗುತ್ತಿರುವವರು. ಒಬ್ಬರಿಗೆ ನೆರವು ಬೇಕು. ಇನ್ನೊಬ್ಬರನ್ನು ಅವರ ಪಾಡಿಗೆ ಬಿಡಬಹುದು, ಅವರ ಮನೆಯವರು ದೂರದಿದ್ದರೆ! ಇಬ್ಬರಿಗೂ ಒಂದೇ ಚೀಟಿ ಅಂಟಿಸಿ, ಇಬ್ಬರದೂ ಒಂದೇ ವ್ಯಕ್ತಿತ್ವ ಎನ್ನುವುದು ತಕ್ಕಡಿಯನ್ನು ಕಂಡು ಸರಕನ್ನು ಮರೆತ ಹಾಗೆ. ಆಟಿಸಂ ಇರುವವರ ವಿಷಯದಲ್ಲಿ ಈ ತಪ್ಪು ಬಹಳ ಕಾಲ ನಡೆಯಿತು. ಅವರಿಗೆ ಇತರರ ನೋವು ತಟ್ಟದು ಎಂಬ ಮಾತು ಪಠ್ಯಪುಸ್ತಕದ ಮಾತಿನಂತೆ ಹಬ್ಬಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಲೆಕ್ಸಿಥೈಮಿಯಾ ಇರುತ್ತದೆ. ಭಾವದ ಕಡೆಯ ತೊಡಕುಗಳಲ್ಲಿ ಹಲವು ಆಟಿಸಂನಿಂದಲ್ಲ, ಇದರಿಂದ ಬಂದವು ಎಂದು ಬ್ರಿಟನ್ನಿನ ಜೆಫ್ರಿ ಬರ್ಡ್ ಮತ್ತು ರಿಚರ್ಡ್ ಕುಕ್ 2013ರಲ್ಲಿ ವಾದಿಸಿದರು. ಉಳಿದ ಅರ್ಧದಷ್ಟು ಜನ ಅಷ್ಟು ವರ್ಷ ಸುಮ್ಮನೆ ಆರೋಪ ಹೊತ್ತಿದ್ದರು.

ಒಬ್ಬರು: ಹಾಗಾದರೆ ನನ್ನ ಕಲ್ಲೆದೆಯವರನ್ನು ನಾನು ಏನೆಂದು ಕರೆಯಲಿ?

ಇನ್ನೊಬ್ಬರು: ಸದ್ಯಕ್ಕೆ ಏನೆಂದೂ ಬೇಡ. ಸಾವಿನ ಮನೆಯಿಂದ ಬಂದ ರಾತ್ರಿ ಅವರಿಗೆ ನಿದ್ದೆ ಬಂತೇ, ಊಟ ಸೇರಿತೇ ಎಂದು ವಿಚಾರಿಸಿ. ‘ಹೇಗನ್ನಿಸಿತು’ ಎಂಬ ಪ್ರಶ್ನೆಗೆ ಉತ್ತರವಿಲ್ಲದವರ ಬಳಿಯೂ ಈ ಪ್ರಶ್ನೆಗಳಿಗೆ ಉತ್ತರ ಇರುತ್ತದೆ.